ಅತ್ತೆಯ ಕಂಬಳಿ ನೀರಿಗಿಳಿದದ್ದು

ನನ್ನ ಕೈಯಿಂದ ಹೋಗದಂಥ ಕಲೆ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಆ ಗುರುವಾರ ಸಂಜೆ ಬೀಗರ ಎದುರು ಘೋಷಿಸಿದವನು ನಾನೇ. ಘೋಷಿಸುವಾಗ ನನ್ನ ಬಲಗೈಯಲ್ಲಿ ಹುಳಿ ಚೆರ್ರಿ ಮದ್ಯದ ಸೀಸೆಯಿತ್ತು. ನನಗೆ ಕೈ ಆಡಿಸದೆ ಮಾತಾಡಲು ಬರುವುದಿಲ್ಲ. ಘೋಷಣೆ ಮುಗಿಯುವಷ್ಟರಲ್ಲಿ ಸೀಸೆ ಖಾಲಿಯಾಗಿತ್ತು. ಯಾರೂ ಕುಡಿದಿರಲಿಲ್ಲ.

ಮೇಜಿನ ಮೇಲೆ ಹರಡಿದ್ದ ನಮ್ಮತ್ತೆಯ ಬಿಳೀ ಕಂಬಳಿ ಅಷ್ಟನ್ನೂ ಕುಡಿದಿತ್ತು.

ನನ್ನ ಹೆಸರು ಔರೆಲ್. ಕಾರ್ಪಾಥಿಯನ್ ಬೆಟ್ಟಗಳ ಬುಡದಲ್ಲಿರುವ ನಮ್ಮ ಊರಿನಲ್ಲಿ ವಾಷಿಂಗ್ ಮಷೀನು ಕೆಟ್ಟರೆ ಜನ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ನನಗೆ ಫೋನು ಮಾಡುತ್ತಾರೆ. ಇಬ್ಬರಲ್ಲಿ ದೇವರೇ ಬೇಗ ಬರುತ್ತಾನೆ ಎಂದು ನನ್ನ ಹೆಂಡತಿ ಸ್ಮರಾಂದಾ ಹೇಳುವುದುಂಟು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಹಿ ಗುಳಿಗೆ ಕೊಟ್ಟೂ ಕೊಟ್ಟೂ ಅವಳ ಮಾತಿಗೂ ಅದೇ ರುಚಿ ಬಂದುಬಿಟ್ಟಿದೆ.

ಆ ಭಾನುವಾರ ನಮ್ಮ ಮಗಳು ಇಲಿಂಕಾಳ ಮದುವೆ. ಚರ್ಚಿಗೆ ಹೊರಡುವ ಮುಂಚೆ ಹುಡುಗಿಯ ಮನೆಯಲ್ಲಿ ಅವಳು ಗಂಡನ ಮನೆಗೆ ಒಯ್ಯುವ ಪೆಟ್ಟಿಗೆ ತೆರೆದಿಡಬೇಕು, ಗಂಡಿನ ಕಡೆಯವರು ಬಂದು ಒಂದೊಂದನ್ನೂ ಮುಟ್ಟಿ ನೋಡಬೇಕು. ಎಲ್ಲಕ್ಕಿಂತ ಮೇಲೆ ಕೂರಬೇಕಾದದ್ದು ಆ ಕಂಬಳಿ. ಅತ್ತೆ ವೆತೂರಿಯಾ ತಮ್ಮ ಕುರಿಗಳ ಉಣ್ಣೆಯನ್ನು ತಾವೇ ನೂತು, ತಾವೇ ನೆಯ್ದು ನಮ್ಮ ಮದುವೆಗೆ ಕೊಟ್ಟಿದ್ದು. ಬೆರಳುದ್ದದ ಕೂದಲು. ಮಂಚದ ಮೇಲೆ ಹಾಸಿದರೆ ಯಾವುದೋ ಪ್ರಾಣಿ ಬಂದು ಮಲಗಿದ ಹಾಗೆ ಕಾಣುತ್ತಿತ್ತು. ಅದೀಗ ಮೊಮ್ಮಗಳಿಗೆ ಹೋಗಬೇಕು. ಶನಿವಾರ ಸಂಜೆ ಹಳ್ಳಿಯಿಂದ ಬಂದು, ತಮ್ಮ ಕೈಯಾರೆ ಮಡಿಸಿ ಪೆಟ್ಟಿಗೆಯ ಮೇಲೆ ಇಡುವುದಾಗಿ ಅತ್ತೆ ಹೇಳಿಕಳಿಸಿದ್ದರು.

ಗುರುವಾರ ಬೀಗರು ಬಂದದ್ದು ವಾದ್ಯದವರ ವಿಷಯ ಮಾತಾಡುವುದಕ್ಕೆ. ಬಂದವರನ್ನು ಹಾಗೇ ಕಳಿಸುವುದುಂಟೆ? ಕಂಬಳಿ ತೆಗೆದು ತೋರಿಸಿದೆ. ಅವರು, "ಬಿಳೀದು ಅಲ್ವಾ, ಕಲೆ ಆದ್ರೆ ಕಷ್ಟ" ಎಂದರು. ನಾನು ಘೋಷಣೆ ಮಾಡಿದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಬೀಗರು ಹೋದ ಮೇಲೆ ಸ್ಮರಾಂದಾ ಆ ಕೆಂಪು ಕಲೆಯನ್ನೇ ನೋಡುತ್ತ ನಿಂತಳು. ಕಲೆಯೆಂದರೆ ಅಂಗೈಯಗಲದ್ದಲ್ಲ, ತಟ್ಟೆಯಗಲದ್ದು.

"ಈಗೇನು ಮಾಡ್ತೀಯ?" ಎಂದಳು.

"ನಾನಿದ್ದೀನಲ್ಲ."

"ಅದೇ ನನ್ನ ಹೆದರಿಕೆ."

ಶುಕ್ರವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದದ್ದೇ ತಡ, ಕಂಬಳಿಯನ್ನು ನಮ್ಮ ಮಷೀನಿಗೆ ತುಂಬಿದೆ. ತುಂಬಿದೆ ಎನ್ನುವುದು ಸುಲಭ. ಮೊಣಕಾಲು ಕೊಟ್ಟು, ಭುಜ ಕೊಟ್ಟು, ಕೊನೆಗೆ ತಲೆ ಕೊಟ್ಟು ಒಳಕ್ಕೆ ನೂಕಿದೆ. ಮಷೀನು ಮೊದಲು ನರಳಿತು. ಆಮೇಲೆ ನಡೆಯಲು ಶುರುಮಾಡಿತು. ಬಚ್ಚಲಿನಿಂದ ಹೊರಟು, ನೀರಿನ ಕೊಳವೆಯನ್ನು ಕಿತ್ತುಕೊಂಡು, ಹೊಸ್ತಿಲ ತನಕ ಕುಣಿಯುತ್ತ ಬಂದು, ಒಂದು ಸಲ ಜೋರಾಗಿ ಕೆಮ್ಮಿ ಪ್ರಾಣ ಬಿಟ್ಟಿತು. ಮಧ್ಯಾಹ್ನ ಸ್ಮರಾಂದಾ ಬಂದಾಗ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು. ನಾನು ಲೋಟದಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದೆ.

"ಊರಿನ ಮಷೀನುಗಳ ಡಾಕ್ಟರು ಮನೇದನ್ನೇ ಸಾಯಿಸಿದ್ರು" ಎಂದಳು.

"ಕಲೆ ಸ್ವಲ್ಪ ತಿಳಿಯಾಗಿದೆ ನೋಡು."

"ತಿಳಿಯಾಗಿಲ್ಲ, ಅಗಲ ಆಗಿದೆ."

ನೋಡಿದೆ. ಅಗಲವಾಗಿತ್ತು. ತಟ್ಟೆ ಈಗ ತಾಂಬಾಳವಾಗಿತ್ತು.

ಬಟ್ಟೆ ಒಗೆದುಕೊಡುವ ಅಂಗಡಿಯವರು ಮುಂದಿನ ಶುಕ್ರವಾರ ಕೊಡುತ್ತೇವೆ ಎಂದರು. ಸ್ಮರಾಂದಾ ಗೋಡೆಗೊರಗಿ ಕೂತಳು. ಅವಳು ಬೈದರೆ ನನಗೆ ಧೈರ್ಯವಿರುತ್ತದೆ. ಸುಮ್ಮನಾದರೆ ಕೈಕಾಲು ಆಡುವುದಿಲ್ಲ. "ಅಮ್ಮನಿಗೆ ಏನು ಹೇಳ್ಲಿ ಔರೆಲ್? ಒಂದು ಚಳಿಗಾಲ ಪೂರ್ತಿ ಕೂತು ನೆಯ್ದಿದ್ದಾಳೆ ಅದನ್ನ" ಎಂದಳು, ಮೆಲ್ಲಗೆ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಊರ ಹೊರಗೆ, ಕಾಡಿನೊಳಗೆ, ಕೆರೆಯ ಸುತ್ತ ಒಂದು ಬಯಲು ಮ್ಯೂಸಿಯಂ ಇದೆ. ರೊಮೇನಿಯಾದ ಮೂಲೆ ಮೂಲೆಗಳಿಂದ ಹಳೇ ಕಾಲದ ಗಾಣ, ಗಿರಣಿ, ಗಾಳಿಯಂತ್ರಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಶನಿವಾರಗಳಲ್ಲಿ ಕೆಲವನ್ನು ನಡೆಸಿಯೂ ತೋರಿಸುತ್ತಾರೆ. ಅದರಲ್ಲೊಂದು ಕಂಬಳಿ ಒಗೆಯುವ ನೀರಿನ ಸುಳಿ. ಅದನ್ನು ನೋಡಿಕೊಳ್ಳುವ ನಿಸ್ತೋರ್ ನನಗೆ ಪರಿಚಯದವನು. ಅವನ ಮನೆಯ ಮಷೀನನ್ನು ನಾನೇ ರಿಪೇರಿ ಮಾಡಿದ್ದೆ.

"ಮ್ಯೂಸಿಯಮ್ಮಿಗಾ?" ಎಂದಳು ಸ್ಮರಾಂದಾ. "ಕಂಬಳಿನ ಅಲ್ಲಿ ಇಟ್ಟು ಬರೋಕಾ?"

"ಒಗೆಯೋಕೆ. ನಿಮ್ಮಜ್ಜಿಯ ಅಜ್ಜಿ ಒಗೀತಿದ್ದ ಹಾಗೆ. ಕರೆಂಟಿಲ್ಲ, ಸೋಪಿಲ್ಲ."

ಅವಳು ಬೇರೆ ದಾರಿ ಹುಡುಕಿದಳು. ಸಿಗಲಿಲ್ಲ. ಒಪ್ಪಿದಳು.

ಶನಿವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನೆನೆದ ಕಂಬಳಿ ಸತ್ತ ಟಗರಿನಷ್ಟು ಭಾರವಾಗಿತ್ತು. ಕಿಟಕಿಯ ಪರದೆಯ ಕೋಲು ಬಿಚ್ಚಿ ತಂದು, ಕಾರಿನಿಂದ ಇಳಿಸಿದ ಕಂಬಳಿಯನ್ನು ಅದಕ್ಕೆ ನೇತುಹಾಕಿ, ಮುಂದೆ ನಾನು ಹಿಂದೆ ಅವಳು, ಕರಡಿ ಬೇಟೆಯಾಡಿ ಬಂದವರಂತೆ ಹೊತ್ತುಕೊಂಡು ಮ್ಯೂಸಿಯಮ್ಮಿನ ಬಾಗಿಲಿಗೆ ಹೋದೆವು. ಟಿಕೀಟು ಕೊಡುವ ಹೆಂಗಸು ಕನ್ನಡಕ ಮೇಲೆತ್ತಿ ನೋಡಿದಳು.

"ಏನದು?"

"ಕಂಬಳಿ. ನಿಸ್ತೋರ್ ಹತ್ರ ಒಗೆಸೋಕೆ."

"ಹಳೇ ಸಾಮಾನು ಹೊರಗೆ ಸಾಗಿಸೋರನ್ನ ನೋಡಿದ್ದೆ. ಒಳಗೆ ತರೋರನ್ನ ಇವತ್ತೇ ನೋಡಿದ್ದು" ಎಂದು ಎರಡು ಟಿಕೀಟು ಹರಿದಳು. ಆಮೇಲೆ ಕಂಬಳಿಯನ್ನು ಇನ್ನೊಮ್ಮೆ ನೋಡಿ, "ಅದಕ್ಕೆ ಬೇಡ ಬಿಡಿ" ಎಂದಳು.

ಒಳಗೆ ಕಾಲಿಟ್ಟ ಕ್ಷಣ ನಾನು ಕಂಬಳಿ ಮರೆತೆ, ಕಲೆ ಮರೆತೆ, ಅತ್ತೆಯನ್ನಂತೂ ಪೂರ್ತಿ ಮರೆತೆ. ಗಾಳಿಗಿರಣಿಗಳು ರೆಕ್ಕೆ ಹರಡಿಕೊಂಡು ಸಾಲಾಗಿ ನಿಂತಿದ್ದವು. ಕೆರೆಯಲ್ಲಿ ಡ್ಯಾನ್ಯೂಬ್ ನದಿಯ ತೇಲುವ ಗಿರಣಿ. ಆ ಕಡೆ ಎಣ್ಣೆ ಗಾಣ, ಈ ಕಡೆ ದ್ರಾಕ್ಷಿ ಹಿಂಡಲು ಇಡೀ ಓಕ್ ಮರವನ್ನೇ ಮಲಗಿಸಿ ಮಾಡಿದ ಯಂತ್ರ. ಒಂದು ಮೊಳೆಯಿಲ್ಲ, ಒಂದು ತಂತಿಯಿಲ್ಲ. ಹಲ್ಲುಚಕ್ರಗಳೂ ಮರದವೇ! ಮೂವತ್ತು ವರ್ಷದಿಂದ ಮೋಟಾರು ಬಿಚ್ಚಿ ಬದುಕುತ್ತಿರುವ ನನಗೆ, ಹಬ್ಬದೂಟದ ಪಂಕ್ತಿಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದವನ ಸ್ಥಿತಿಯಾಯಿತು. ಪ್ರತಿಯೊಂದರ ಮುಂದೆಯೂ ನಿಂತೆ. ನಾನು ನಿಂತಾಗಲೆಲ್ಲ ಕೋಲಿನ ಹಿಂದಿನ ತುದಿ ಸ್ಮರಾಂದಾಳ ಭುಜಕ್ಕೆ ಬಡಿಯುತ್ತಿತ್ತು.

"ನೋಡು, ನೋಡು. ಇಲ್ಲಿ ಚಕ್ರ ಅಡ್ಡ ತಿರುಗತ್ತೆ, ಅಲ್ಲಿ ಕಲ್ಲು ಉದ್ದಕ್ಕೆ…"

"ಔರೆಲ್, ನಾನು ಗಾಣದ ಎತ್ತಲ್ಲ. ನಡಿ ಮುಂದೆ."

ಆದರೆ ಅವಳ ಕಣ್ಣೂ ಹೊಳೆಯುತ್ತಿತ್ತು. ಒಂದು ಗಿರಣಿಯ ಬಾಗಿಲಲ್ಲಿ ಹೊಸ ಜೋಳದ ಹಿಟ್ಟಿನ ವಾಸನೆ ಬಂದಾಗ ಅವಳೇ ನಿಂತಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಗಿರಣಿಗೆ ಹೋಗಿ ಮೂಟೆಗಳ ಮೇಲೆ ನಿದ್ದೆ ಹೋಗುತ್ತಿದ್ದಳಂತೆ. ಎದ್ದಾಗ ರೆಪ್ಪೆಯೆಲ್ಲ ಬಿಳೀ ಆಗಿರುತ್ತಿತ್ತಂತೆ. ನಮಗೆ ಮದುವೆಯಾಗಿ ಇಷ್ಟು ವರ್ಷವಾದರೂ ಈ ವಿಷಯ ನನಗೆ ಹೇಳಿರಲಿಲ್ಲ. ಈ ಸಲ ಕೋಲು ಬಡಿದದ್ದು ನನ್ನ ಬೆನ್ನಿಗೆ. ನಾನು ತಕರಾರು ಮಾಡಲಿಲ್ಲ.

ನೀರಿನ ಸುಳಿಯಿದ್ದದ್ದು ಹಳ್ಳದ ಪಕ್ಕ. ಮೇಲಿನಿಂದ ಮರದ ಕಾಲುವೆಯಲ್ಲಿ ನೀರು ಇಳಿದು ಬಂದು, ನೆಲದಲ್ಲಿ ಹುಗಿದ ದೊಡ್ಡ ಮರದ ಬಾನಿಗೆ ಓರೆಯಾಗಿ ಧುಮುಕುತ್ತಿತ್ತು. ಬಾನಿಯೊಳಗೆ ನೀರು ಗಿರಗಿರನೆ ಸುತ್ತುತ್ತಿತ್ತು. ಪಕ್ಕದ ಮಾಡಿನ ಕೆಳಗೆ ಇನ್ನೊಂದು ಯಂತ್ರವಿತ್ತು: ಮರದ ತೊಟ್ಟಿಯ ಮೇಲೆ ಸಾಲಾಗಿ ನಾಲ್ಕು ಭಾರೀ ಕೊಡತಿಗಳು, ಅವುಗಳನ್ನು ಎತ್ತಿ ಬೀಳಿಸಲು ಒಂದು ನೀರಿನ ಚಕ್ರ. ಅದು ನಿಂತಿತ್ತು. ಅದರ ಪಕ್ಕದಲ್ಲಿ ಒಲೆಯ ಮೇಲೆ ಬಿಸಿನೀರಿನ ಹಂಡೆ.

ನಿಸ್ತೋರನ ಹೊಟ್ಟೆ ಮೊದಲು ಹೊರಬಂತು, ಹಿಂದೆಯೇ ಅವನೂ ಬಂದ. ಕಲೆ ನೋಡಿ ಸಿಳ್ಳೆ ಹಾಕಿದ.

"ಕೊಲೆ ಏನಾದ್ರೂ ಮಾಡಿದ್ಯಾ?"

"ಚೆರ್ರಿ ಕಣಪ್ಪ. ಹೋಗತ್ತಾ?"

"ಹೋಗದೇ ಏನು. ಎಸಿ ಒಳಗೆ."

ಎಸೆದೆವು. ಕಂಬಳಿ ಒಂದು ಕ್ಷಣ ಮುಳುಗಿ, ಆಮೇಲೆ ಎದ್ದು, ಕೂದಲು ಕೆದರಿಕೊಂಡು ಸುತ್ತತೊಡಗಿತು. ಎಂಥ ಸುತ್ತು ಅದು! ಒಮ್ಮೆ ಬೆನ್ನು ತೋರಿಸಿತು, ಒಮ್ಮೆ ಹೊಟ್ಟೆ ತೋರಿಸಿತು. ಒಂದೊಂದು ಸುತ್ತಿಗೂ ಆ ಕೆಂಪು ಕಂಡು ಮಾಯವಾಗುತ್ತಿತ್ತು, ಪ್ರತಿಸಲವೂ ಇನ್ನಷ್ಟು ಮಾಸಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತಿಳಿಗೆಂಪು. ಇನ್ನೂ ಸ್ವಲ್ಪ ಹೊತ್ತಿಗೆ, ಗೊತ್ತಿದ್ದವರಿಗೆ ಮಾತ್ರ ಕಾಣುವ ನೆರಳು. ಸ್ಮರಾಂದಾ ನನ್ನ ತೋಳು ಹಿಡಿದುಕೊಂಡಳು. ಅವಳು ನನ್ನ ತೋಳು ಹಿಡಿದು ಎಷ್ಟು ದಿನವಾಗಿತ್ತೋ.

"ಹೋಗ್ತಾ ಇದೆ ಔರೆಲ್."

"ನಾನು ಹೇಳ್ಲಿಲ್ವಾ?"

ಅಷ್ಟರಲ್ಲಿ ನಿಸ್ತೋರನಿಗೆ ಅವನ ಹೆಂಡತಿಯಿಂದ ಫೋನು ಬಂತು. ಆಕೆ ಮ್ಯೂಸಿಯಮ್ಮಿನ ಊಟದ ಮನೆಯಲ್ಲೇ ಅಡುಗೆ ಮಾಡುತ್ತಾಳೆ. ಬೀನ್ಸ್ ಸೂಪು ಆರುತ್ತಿದೆಯಂತೆ. "ಒಂದು ತುತ್ತು ತಿಂದು ಬರ್ತೀನಿ. ಕಂಬಳಿ ಅದರ ಪಾಡಿಗೆ ತಿರುಗ್ಲಿ. ನೀನು ಕೈ ಮಾತ್ರ ಜೇಬಲ್ಲಿ ಇಟ್ಕೊಂಡಿರು" ಎಂದು ಹೇಳಿ ಹೋದ.

ಇಟ್ಟುಕೊಂಡೆ. ಇಟ್ಟುಕೊಂಡೇ ಇದ್ದೆ. ಆದರೆ ಆಗಲೇ ಒಂದು ಬಸ್ಸಿನ ಜನ ಬಂದರು, ಯಾವುದೋ ಊರಿನ ನಿವೃತ್ತ ಟೀಚರುಗಳು. ಕಂಬಳಿ ಸುತ್ತುವುದನ್ನು ನೋಡಿ ಬಾನಿಯ ಸುತ್ತ ನೆರೆದರು. ಅವರಲ್ಲೊಬ್ಬಳು ಛತ್ರಿಯ ತುದಿಯಿಂದ ಬಾನಿಯನ್ನು ತೋರಿಸಿ ನನ್ನನ್ನೇ ಕೇಳಿದಳು:

"ಇದು ಹೇಗೆ ಕೆಲಸ ಮಾಡತ್ತೆ, ಸ್ವಾಮಿ?"

ಸ್ವಾಮಿ! ಜನ ಸಾಮಾನ್ಯವಾಗಿ ನನ್ನನ್ನು ಕೇಳುವುದು 'ಯಾವಾಗ ಬರ್ತೀಯ' ಎಂದು. ಕೈಗಳು ತಾವಾಗಿಯೇ ಜೇಬಿನಿಂದ ಹೊರಬಂದವು. ನಾನು ವಿವರಿಸಿದೆ. ನೀರಿನ ಗತಿ, ಬಾನಿಯ ಓರೆ, ಉಣ್ಣೆಯ ಗುಣ, ಎಲ್ಲವನ್ನೂ. ಗೊತ್ತಿದ್ದದ್ದು ಮುಗಿದ ಮೇಲೂ ವಿವರಣೆ ನಿಲ್ಲಲಿಲ್ಲ. ಒಬ್ಬರು ನನ್ನ ಫೋಟೋ ತೆಗೆದರು. ಇನ್ನೊಬ್ಬರು ಮೊಬೈಲು ಎತ್ತಿ ಹಿಡಿದೇ ನಿಂತರು. ಸ್ಮರಾಂದಾ ಎರಡು ಹೆಜ್ಜೆ ದೂರ ಸರಿದು, ಈ ಮನುಷ್ಯ ಯಾರೋ ಏನೋ ಎನ್ನುವಂತೆ ಹಳ್ಳ ನೋಡುತ್ತಿದ್ದಳು.

ಕಲೆ ಪೂರ್ತಿ ಹೋಗಿತ್ತು. ಟೀಚರುಗಳೇ ಕೈಹಾಕಿ ಕಂಬಳಿಯನ್ನು ಮೇಲೆಳೆಯಲು ನೆರವಾದರು. ಬಾನಿಯ ಅಂಚಿನ ಮೇಲೆ ಅದು ಹಿಮದ ಗುಡ್ಡೆಯ ಹಾಗೆ ಬಿದ್ದುಕೊಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಊರಿನ ಅತ್ಯಂತ ಬುದ್ಧಿವಂತ ಅಳಿಯನಾಗಿ ಉಳಿಯುತ್ತಿದ್ದೆ. ಆದರೆ ಛತ್ರಿಯ ಟೀಚರು ಮತ್ತೆ ಕೇಳಿದಳು:

"ಒಗೆದಿದ್ದಾಯ್ತು. ಹಿಂಡೋದು ಹೇಗೆ?"

ಗೊತ್ತಿಲ್ಲ ಎಂಬ ಒಂದೇ ಮಾತು ಸಾಕಿತ್ತು. ಆ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ. ಸುತ್ತ ನೋಡಿದೆ. ಮಾಡಿನ ಕೆಳಗಿನ ಕೊಡತಿಗಳು ಕಂಡವು. ಭಾರವಾದ ಕೊಡತಿ, ಕೆಳಗೆ ತೊಟ್ಟಿ, ತೊಟ್ಟಿಗೆ ನೀರು ಬಸಿಯಲು ತೂತು. ಇದು ಹಿಂಡುವ ಯಂತ್ರವಲ್ಲದೆ ಮತ್ತೇನು?

"ಬನ್ನಿ, ತೋರಿಸ್ತೀನಿ" ಎಂದೆ.

"ಔರೆಲ್," ಎಂದಳು ಸ್ಮರಾಂದಾ, "ನಿಸ್ತೋರ್ ಬರ್ಲಿ."

"ಅವನು ತಿನ್ತಾ ಇದ್ದಾನೆ. ಪಾಪ."

ಕಂಬಳಿಯನ್ನು ತೊಟ್ಟಿಗೆ ಹಾಕಿ, ಚಕ್ರದ ತೂಬಿನ ಹಲಗೆ ಎತ್ತಿದೆ. ಚಕ್ರ ಒಮ್ಮೆ ಮೈಮುರಿದು ತಿರುಗಿತು. ಕೊಡತಿಗಳು ಎದ್ದವು, ಬಿದ್ದವು. ಧಡ್, ಧಡ್, ಧಡ್, ಧಡ್. ನೆಲ ನಡುಗಿತು. ಟೀಚರುಗಳು ಚಪ್ಪಾಳೆ ತಟ್ಟಿದರು. ಕಂಬಳಿಯಿಂದ ನೀರು ಹಾಲಿನಂತೆ ಚಿಮ್ಮಿತು. ಹುಮ್ಮಸ್ಸಿನಲ್ಲಿ, ಬಿಸಿ ಮಾಡಿದರೆ ಬೇಗ ಒಣಗಬಹುದೆಂದು, ಹಂಡೆಯಿಂದ ಬಿಸಿನೀರು ಮೊಗೆ ಮೊಗೆದು ಸುರಿದೆ. ನೀರು ಹಿಂಡಲು ನೀರು ಸುರಿಯುವವನನ್ನು ನೀವು ಕಂಡಿದ್ದೀರಾ? ಆ ದಿನ ಒಂದು ಬಸ್ಸಿನಷ್ಟು ಜನ ಕಂಡರು, ಒಬ್ಬರೂ ಏನೂ ಅನ್ನಲಿಲ್ಲ. ಯಂತ್ರದ ಮುಂದೆ ನಿಂತು ಗಟ್ಟಿಯಾಗಿ ಮಾತಾಡುವವನನ್ನು ಜನ ನಂಬುತ್ತಾರೆ. ನನ್ನ ಕಸುಬು ನಡೆಯುತ್ತಿರುವುದೂ ಅದರ ಮೇಲೆಯೇ.

ನಿಸ್ತೋರನ ಒಂದು ತುತ್ತು ಮುಗಿಯಲೇ ಇಲ್ಲ. ಕೊಡತಿಗಳು ಬಡಿಯುತ್ತಲೇ ಇದ್ದವು. ನಾನು ಎಣ್ಣೆ ಗಾಣದ ಬಗ್ಗೆ, ಗಾಳಿಗಿರಣಿಯ ಬಗ್ಗೆ, ನಮ್ಮ ಹಿರಿಯರ ಜಾಣ್ಮೆಯ ಬಗ್ಗೆ, ಆ ಜಾಣ್ಮೆ ಈಗ ಯಾರಲ್ಲಿ ಉಳಿದಿದೆ ಎಂಬುದರ ಬಗ್ಗೆಯೂ ಮಾತಾಡುತ್ತಿದ್ದೆ. ಸ್ಮರಾಂದಾ ತೊಟ್ಟಿಗೆ ಬಗ್ಗಿ ನೋಡಿದಳು. ಇನ್ನೊಮ್ಮೆ ಬಗ್ಗಿದಳು.

"ಔರೆಲ್, ಇದು ಚಿಕ್ಕದಾಗ್ತಾ ಇಲ್ವಾ?"

"ನೀರು ಹೋಗ್ತಾ ಇದೆಯಲ್ಲ, ಅದಕ್ಕೆ."

"ಕೂದಲು ಎಲ್ಲಿ ಹೋಯ್ತು?"

"ಒಣಗಿದ ಮೇಲೆ ಏಳತ್ತೆ."

"ಔರೆಲ್, ಮಂಚದ ಕಂಬಳಿ ಕುರ್ಚಿಯ ಕಂಬಳಿ ಆಗಿದೆ!"

ಆಗ ನಾನೂ ನೋಡಿದೆ. ಯಂತ್ರ ನಿಲ್ಲಿಸಬೇಕೆಂದು ತೂಬಿನ ಕಡೆಗೆ ಓಡಿದೆ. ಹತ್ತಿರದ ದಾರಿಯೆಂದರೆ ಬಾನಿಯ ಅಂಚು. ಆ ಅಂಚನ್ನು ನೂರಾರು ವರ್ಷಗಳ ನೀರು ಬೆಣ್ಣೆಯ ಹಾಗೆ ನುಣುಪು ಮಾಡಿತ್ತು. ಒಂದು ಕಾಲು ಇಟ್ಟದ್ದು ನೆನಪಿದೆ. ಇನ್ನೊಂದು ಇಡುವ ಅವಕಾಶ ಬರಲಿಲ್ಲ.

ಸುಳಿಯೊಳಗಿಂದ ಜಗತ್ತು ಹೇಗೆ ಕಾಣುತ್ತದೆಂದು ಯಾರೂ ಬರೆದಿರಲಿಕ್ಕಿಲ್ಲ, ನಾನು ಬರೆಯುತ್ತೇನೆ. ಮೊದಲು ಆಕಾಶ, ಆಮೇಲೆ ಛತ್ರಿ, ಆಮೇಲೆ ಹೆಂಡತಿಯ ಮುಖ, ಮತ್ತೆ ಆಕಾಶ, ಮತ್ತೆ ಛತ್ರಿ, ಮತ್ತೆ ಹೆಂಡತಿಯ ಮುಖ. ಎದೆಮಟ್ಟದ ನೀರೇ, ಮುಳುಗುವ ಭಯವಿರಲಿಲ್ಲ, ಆದರೆ ನಿಲ್ಲುವ ಉಪಾಯವೂ ಇರಲಿಲ್ಲ. ಪ್ರತಿ ಸುತ್ತಿಗೂ ಚಪ್ಪಾಳೆ ಕೇಳಿಸುತ್ತಿತ್ತು. ಬೀಳುವುದೂ ಕಾರ್ಯಕ್ರಮದ ಒಂದು ಭಾಗವೆಂದು ಟೀಚರುಗಳು ತಿಳಿದಿದ್ದರು. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ನನ್ನ ಪ್ಯಾಂಟು ನನ್ನನ್ನು ಬಿಟ್ಟು ಬೇರೆ ಸುತ್ತತೊಡಗಿತು. ಚಪ್ಪಾಳೆ ಹೆಚ್ಚಾಯಿತು.

ನಿಸ್ತೋರ್ ಬಾಯಿ ಒರೆಸಿಕೊಳ್ಳುತ್ತ ಓಡಿಬಂದು ಎರಡೂ ತೂಬುಗಳನ್ನು ಮುಚ್ಚಿದ. ನನ್ನನ್ನು ಮೇಲೆಳೆದ. ತೊಟ್ಟಿ ನೋಡಿದ.

"ಯಾರು ಹಾಕಿದ್ದು ಇದಕ್ಕೆ?"

"ಹಿಂಡೋಕೆ…" ಎಂದೆ, ಹಲ್ಲು ಕಟಕಟಿಸುತ್ತ.

"ಇದು ಹಿಂಡೋದಲ್ಲ ಮಾರಾಯ. ಇದು ಉಣ್ಣೆ ಬಡಿದು ಕುಗ್ಗಿಸೋದು. ಕುರುಬರ ಚಳಿಯ ಕೋಟಿಗೆ ಬಟ್ಟೆ ದಪ್ಪ ಮಾಡೋದು. ಬಿಸಿನೀರು ಬೇರೆ ಹಾಕಿದ್ಯಾ?"

ಕಂಬಳಿಯನ್ನು ಎತ್ತಿ ಹುಲ್ಲಿನ ಮೇಲೆ ಹರಡಿದ. ಹರಡಿದ ಎನ್ನುವುದು ತಪ್ಪು, ಇಟ್ಟ. ಅದು ತಾನಾಗಿಯೇ ನೆಟ್ಟಗೆ ನಿಲ್ಲುತ್ತಿತ್ತು. ಬೆರಳುದ್ದದ ಕೂದಲು ಹೋಗಿ ಬಾಗಿಲಿನಂತೆ ದಪ್ಪಗಾಗಿತ್ತು, ಗಟ್ಟಿಯಾಗಿತ್ತು. ಇಬ್ಬರು ಮೈಚಾಚಿ ಮಲಗುವ ಕಂಬಳಿ ಈಗ ಒಬ್ಬರು ಮುದುರಿ ಕೂರುವಷ್ಟಾಗಿತ್ತು.

"ಕಲೆ ಹೋಗಿದೆ ನೋಡು" ಎಂದೆ, ಬೇರೇನೂ ತೋಚದೆ.

"ಕಲೆ ಹೋಯ್ತು," ಎಂದಳು ಸ್ಮರಾಂದಾ, "ಕಂಬಳಿನೂ ಹೋಯ್ತು."

ನನಗೆ ಮನೆಗೆ ಹೋಗಲು ಪ್ಯಾಂಟಿರಲಿಲ್ಲ. ಅದು ಹಳ್ಳದ ದಾರಿ ಹಿಡಿದಿತ್ತು. ನಿಸ್ತೋರ್ ತನ್ನ ಪ್ರದರ್ಶನದ ಉಡುಪು ಕೊಟ್ಟ: ಮೊಣಕಾಲಿನವರೆಗಿನ ಬಿಳೀ ಅಂಗಿ, ಬಿಗಿಯಾದ ಬಿಳೀ ಉಣ್ಣೆಯ ಚಲ್ಲಣ, ಅಗಲ ಚರ್ಮದ ಪಟ್ಟಿ. ಪಟ್ಟಿಯನ್ನು ಅವನ ಹೊಟ್ಟೆಗೆ ಅಳತೆ ಮಾಡಿದ್ದರು. ನನಗೆ ಎರಡು ಸುತ್ತು ಬಂತು. ಬಾಗಿಲಿನ ತನಕ ಹೋಗುವಾಗ ಮೂರು ಕುಟುಂಬಗಳು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವು. ಟಿಕೀಟಿನ ಹೆಂಗಸು ನನ್ನನ್ನೂ, ನನ್ನ ಕಂಕುಳಿನಲ್ಲಿದ್ದ ಗಟ್ಟಿ ಗಂಟನ್ನೂ ನೋಡಿದಳು. "ಬಂದಾಗ ಹೊಸಬರು, ಹೋಗುವಾಗ ಹಳಬರು" ಎಂದಳು.

ಕಾರು ಮನೆ ಹತ್ತಿರ ಬಂದಾಗ ಸ್ಮರಾಂದಾ, "ಅಮ್ಮನಿಗೆ ನೀನೇ ಹೇಳು" ಎಂದಳು.

ಹೇಳುವ ಮಾತನ್ನು ಜೋಡಿಸಿಕೊಳ್ಳುವುದಕ್ಕೂ ಸಮಯ ಸಿಗಲಿಲ್ಲ. ಅತ್ತೆ ಆಗಲೇ ಬಂದು ಅಡುಗೆಮನೆಯಲ್ಲಿ ಕೂತಿದ್ದರು. ಮೇಜಿನ ಮೇಲೆ ಗಿಣ್ಣಿನ ಗಂಟು, ಪ್ಲಮ್ ಸಾರಾಯಿಯ ಸೀಸೆ. ಎದುರಿಗೆ ಇಲಿಂಕಾ. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಆ ಸಣ್ಣ ಹೆಂಗಸು ಎಪ್ಪತ್ತೆಂಟು ವರ್ಷದಲ್ಲೂ ಬೆಟ್ಟದ ಮೇಲೆ ಕುರಿ ಎಣಿಸಿ ಬರುತ್ತಾರೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಳಿಯಂದಿರು ನಾಳೆ ಮದುಮಗನಾ?"

ನಾನು ಗಂಟನ್ನು ಮೇಜಿನ ಮೇಲೆ ಇಟ್ಟೆ. ಅದು ಟಪ್ಪೆಂದು ಸದ್ದು ಮಾಡಿತು. ಉಣ್ಣೆ ಹಾಗೆ ಸದ್ದು ಮಾಡಬಾರದು. ಎಲ್ಲವನ್ನೂ ಹೇಳಿದೆ, ಸೀಸೆ, ಮಷೀನು, ಸುಳಿ, ಕೊಡತಿ. ಪ್ಯಾಂಟಿನ ವಿಷಯ ಬಿಡೋಣವೆಂದುಕೊಂಡಿದ್ದೆ, ಅದನ್ನು ಸ್ಮರಾಂದಾ ಸೇರಿಸಿದಳು.

ಅತ್ತೆ ಕಂಬಳಿಯನ್ನು ಮುಟ್ಟಿದರು. ಎಳೆದರು, ಬಗ್ಗಿಸಿದರು, ಬೆಳಕಿಗೆ ಹಿಡಿದರು. ಅವರ ಕೈಗಳನ್ನೇ ನೋಡುತ್ತಿದ್ದೆ. ಆ ಕೈಗಳು ಒಂದು ಚಳಿಗಾಲ ಪೂರ್ತಿ ಮಗ್ಗದ ಮೇಲೆ ಆಡಿದ್ದವು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಬಳಿ ವಿವರಣೆಯಿರಲಿಲ್ಲ.

ಆಗ ಇಲಿಂಕಾ ನಕ್ಕಳು. ಮೊದಲು ಕೈ ಅಡ್ಡ ಹಿಡಿದಳು, ಆಮೇಲೆ ಹಿಡಿಯಲಾಗದೆ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು.

"ಏನೇ ಅದು?" ಎಂದರು ಅತ್ತೆ.

"ಅಜ್ಜೀ, ಬೈಬೇಡ. ಅದು ಚುಚ್ಚತ್ತೆ. ಚಿಕ್ಕಂದಿನಿಂದ ನನಗೆ ಅದನ್ನ ಕಂಡ್ರೆ ಭಯ. ಅದರ ಕೆಳಗೆ ಹೇಗಪ್ಪಾ ಮಲಗೋದು ಅಂತ ಒಂದು ತಿಂಗಳಿಂದ ಯೋಚನೆ ಮಾಡ್ತಿದ್ದೆ."

ಸ್ಮರಾಂದಾ ನೆಲ ನೋಡುತ್ತ ಹೇಳಿದಳು: "ಅಮ್ಮಾ, ನಾವೂ ಹೊದ್ದಿಲ್ಲ. ನೀನು ಬರೋ ದಿನ ಹಾಸ್ತಿದ್ವಿ, ನೀನು ಬಸ್ಸು ಹತ್ತಿದ ಮೇಲೆ ತೆಗೀತಿದ್ವಿ."

ಅತ್ತೆ ಮಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ನನ್ನ ಚಲ್ಲಣವನ್ನು ನೋಡಿದರು.

"ಚುಚ್ಚತ್ತೆ ಅಂತ ನೆಯ್ದೋಳಿಗೆ ಗೊತ್ತಿರಲ್ವಾ?" ಎಂದರು. "ನನ್ನದೂ ಪೆಟ್ಟಿಗೆ ತಳದಲ್ಲೇ ಇದೆ. ನನ್ನತ್ತೆ ಬಂದಾಗ ಹಾಸ್ತಿದ್ದೆ. ಅದು ಹೊದೆಯೋಕಲ್ಲ ಕಣ್ರೇ. ಬೀಗರಿಗೆ ತೋರಿಸೋಕೆ." ಆಮೇಲೆ ಮತ್ತೊಮ್ಮೆ ಅದರ ಮೇಲೆ ಅಂಗೈ ಸವರಿ, "ಈಗ ಚುಚ್ಚೋದಿಲ್ಲ ಮಾತ್ರ" ಎಂದರು. ಅವರ ಬಾಯಿಯ ಮೂಲೆಯಲ್ಲಿ ಏನೋ ಆಡಿತು. ಮೂವರು ಹೆಂಗಸರೂ ಒಟ್ಟಿಗೆ ನಗತೊಡಗಿದರು. ನಾನೂ ನಕ್ಕೆ, ಮೂವರೂ ತಕ್ಷಣ ನಿಲ್ಲಿಸಿದರು. "ನೀವು ನಗಬೇಡಿ ಅಳಿಯಂದಿರೇ. ನಿಮಗಿನ್ನೂ ಸಮಯ ಬಂದಿಲ್ಲ."

ಮರುದಿನ ಅತ್ತೆ ಅದನ್ನು ಎರಡು ಮಡಿಕೆ ಮಡಿಸಿ, ಅಂಚು ಕಾಣದ ಹಾಗೆ ಪೆಟ್ಟಿಗೆಯ ಮೇಲೆ ಇಟ್ಟರು. ಬೀಗಿತ್ತಿ ಬಂದು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದರೂ ಒಳಗೆ ಹೋಗಲಿಲ್ಲ. "ಇಂಥ ಗಟ್ಟಿ ಕೆಲಸ ಈಗ ಎಲ್ಲಿ ಸಿಗತ್ತೆ?" ಎಂದು ತನ್ನ ತಂಗಿಯನ್ನೂ ಕರೆದು ತೋರಿಸಿದಳು. "ನಮ್ಮ ಅಳಿಯನ ಕೈಚಳಕ" ಎಂದರು ಅತ್ತೆ, ಮುಖದ ಒಂದು ನರವೂ ಅಲುಗದಂತೆ. ಬೀಗರೊಬ್ಬರೇ ಕಲೆಯನ್ನು ಹುಡುಕುತ್ತಿದ್ದರು. ಸಿಗಲಿಲ್ಲ. ನನ್ನ ಕಡೆ ನೋಡಿ ತಲೆದೂಗಿದರು. ಇಲಿಂಕಾ ಬಿಳೀ ಉಡುಪಿನಲ್ಲಿ ಹೊಸ್ತಿಲು ದಾಟಿದಳು. ನನಗೆ ಅಳು ತಡೆಯಲಾಗಲಿಲ್ಲ. ಅಳುವಾಗಲೂ ಕೈ ಆಡಿಸುತ್ತಿದ್ದೆನಂತೆ; ಸ್ಮರಾಂದಾ ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡಳು.

ಸೋಮವಾರ ಬೆಳಿಗ್ಗೆ ಫೋನು ಬಂತು. ಮ್ಯೂಸಿಯಮ್ಮಿನ ಕಚೇರಿಯಿಂದ, ಒಬ್ಬ ಹೆಂಗಸಿನ ದನಿ.

"ಶನಿವಾರ ಸುಳಿ ಹತ್ರ ಇದ್ದೋರು ನೀವೇನಾ?"

"ನಾನೇ. ತುಂಬ ತಪ್ಪಾಯ್ತು. ನಿಸ್ತೋರನದ್ದು ಏನೂ ತಪ್ಪಿಲ್ಲ, ಅವನು ಬೇಡ ಅಂತಲೇ…"

"ಅದಲ್ಲ. ಯಾರೋ ನಿಮ್ಮ ವಿಡಿಯೋ ಎಲ್ಲರಿಗೂ ಕಳಿಸಿದ್ದಾರೆ. ನಿನ್ನೆ ಬಂದ ಜನ ಎಲ್ಲ, 'ಆ ಮನುಷ್ಯ ಎಷ್ಟು ಗಂಟೆಗೆ ಬೀಳ್ತಾನೆ?' ಅಂತ ಕೇಳಿ ಕೇಳಿ ಸಾಕು ಮಾಡಿದ್ರು. ಬೇಸಿಗೆ ಮುಗಿಯೋ ತನಕ ಶನಿವಾರ ಶನಿವಾರ ಬರೋಕಾಗತ್ತಾ?"

ನನ್ನ ಎದೆ ಉಬ್ಬಿತು. ಫೋನನ್ನು ಕೈಯಿಂದ ಮುಚ್ಚಿ ಅಡುಗೆಮನೆಯ ಕಡೆ ತಿರುಗಿ, "ಮ್ಯೂಸಿಯಂನೋರು ನನ್ನನ್ನ ಕರೀತಿದ್ದಾರೆ" ಎಂದೆ. ಮತ್ತೆ ಫೋನು ಕಿವಿಗಿಟ್ಟು ಗಂಭೀರವಾಗಿ ಕೇಳಿದೆ: "ಯಾವ ಯಂತ್ರ ನೋಡ್ಕೋಬೇಕು? ಗಾಣ, ಗಿರಣಿ, ನನಗೆ ಎಲ್ಲಾ ಸುಮಾರಾಗಿ…"

"ಇಲ್ಲ ಇಲ್ಲ," ಎಂದಳು ಆಕೆ ಗಾಬರಿಯಿಂದ, "ಯಂತ್ರ ಮುಟ್ಟೋದು ಬೇಡ, ವಿವರಿಸೋದೂ ಬೇಡ. ಬೀಳೋದಷ್ಟೇ ನಿಮ್ಮ ಕೆಲಸ."

ನಾನು ಯೋಚಿಸಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಅಡುಗೆಮನೆಯಿಂದ ಸ್ಮರಾಂದಾಳ ದನಿ ಬಂತು:

"ಒಪ್ಕೋ ಔರೆಲ್. ನಿನಗೆ ನಿಜವಾಗಿ ಬರೋ ಕೆಲಸ ಯಾವುದು ಅಂತ ಈಗಲಾದ್ರೂ ಯಾರೋ ಗುರುತಿಸಿದ್ರಲ್ಲ."